ಬ್ರಿಟನ್ನಿನ ಹಳೆಯ ಡೀಸೆಲ್ ಪ್ರಯಾಣಿಕ ಗಾಡಿಗಳೂ ಕಿರುರೈಲಿನ ಹವ್ಯಾಸಿಗಳೂ

ಬ್ರಿಟನ್ನಿನಲ್ಲಿ ಕಿರುರೈಲುಗಳನ್ನು ನಿರ್ಮಿಸುವ ಹವ್ಯಾಸವು ಸಂಘಟಿತ ರೂಪವನ್ನು ತಾಳಿ ಒಂದು ಶತಮಾನವೇ ಕಳೆದಿದೆ. ಲಂಡನ್ನಿನ ಮಾಡೆಲ್ ರೈಲ್ವೆ ಕ್ಲಬ್ಬು 1910ರಲ್ಲಿ ಸ್ಥಾಪಿತವಾಯಿತು. ಈ ದೀರ್ಘಾವಧಿಯ ಬಹುಭಾಗದಲ್ಲಿ ಹವ್ಯಾಸಿಗಳ ಮನಸ್ಸನ್ನು ಏಕಚ್ಛತ್ರವಾಗಿ ಆಳಿದುದು ಉಗಿ ಎಂಜಿನ್. ಅದನ್ನು ಪದಚ್ಯುತಗೊಳಿಸಿದ ಡೀಸೆಲ್ ಪ್ರಯಾಣಿಕ ಗಾಡಿಯ ವಿಷಯದಲ್ಲಿ ಅವರಿಗಿದ್ದುದು ಔದಾಸೀನ್ಯ, ಕೆಲವೊಮ್ಮೆ ದ್ವೇಷ. ಅಂತಹ ಗಾಡಿಯೇ ಇಂದು ಅವರ ಶ್ರದ್ಧಾಪೂರ್ಣವಾದ ಅನ್ವೇಷಣೆಗೆ ವಸ್ತುವಾಗಿದೆ. ಈ ಪರಿವರ್ತನೆಗೆ ಗತಕಾಲದ ಮೋಹವೊಂದನ್ನೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವವರುಂಟು. ಮೋಹದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರವನ್ನು ಎಲ್ಲಿ ಅಡಗಿಸಿಡಬೇಕೆಂಬ ಒಂದು ಸಾಮಾನ್ಯ ಸಮಸ್ಯೆಯೂ, ಆ ಗಾಡಿಗಳ ವಿಶಾಲವಾದ ಗಾಜಿನ ಕಿಟಕಿಗಳೂ ಈ ಇತಿಹಾಸವನ್ನು ಅದಕ್ಕಿಂತ ಹೆಚ್ಚಾಗಿ ರೂಪಿಸಿದುವೆಂದು ನನ್ನ ಅಭಿಪ್ರಾಯ.

ಮೊದಲು ಗಾಡಿಗಳ ವೃತ್ತಾಂತವನ್ನು ಹೇಳಬೇಕು. ಗ್ರೇಟ್ ವೆಸ್ಟರ್ನ್ ರೈಲ್ವೆಯು ಎ.ಇ.ಸಿ. ಎಂಬ ಬಸ್ಸು ತಯಾರಕರಿಂದ ಯಂತ್ರವನ್ನೂ ಪಾರ್ಕ್ ರಾಯಲ್ ಕಾರ್ಖಾನೆಯಿಂದ ಮೈಕಟ್ಟನ್ನೂ ಪಡೆದು 1933ರ ಡಿಸೆಂಬರಿನಲ್ಲಿ ತನ್ನ ಮೊದಲನೆಯ ಡೀಸೆಲ್ ರೈಲುಕಾರನ್ನು ಓಡಿಸಿತು. 130 ಅಶ್ವಶಕ್ತಿಯ ಆ ವಾಹನವನ್ನು, ಅದರ ಬಾಗಿದ ಮೂತಿಯನ್ನು ಕಂಡು, ಜನರು ‘ಹಾರುವ ಬಾಳೆಹಣ್ಣು’ ಎಂದು ಕರೆದರು. ಮರುವರ್ಷ ಬರ್ಮಿಂಗ್‌ಹ್ಯಾಮಿನಿಂದ ಕಾರ್ಡಿಫ್‌ವರೆಗೆ ಉಪಾಹಾರದ ಅನುಕೂಲವುಳ್ಳ ರೈಲುಕಾರುಗಳು ವೇಗದ ಸೇವೆಯನ್ನು ಆರಂಭಿಸಿದುವು. 1942ರ ವೇಳೆಗೆ ಒಟ್ಟು 38 ರೈಲುಕಾರುಗಳು ನಿರ್ಮಿತವಾದುವು; ಅವುಗಳಲ್ಲಿ ಮೂರು ಇಂದಿಗೂ ಉಳಿದಿವೆ.

ಯುದ್ಧಾನಂತರ ರಾಷ್ಟ್ರೀಕೃತವಾದ ಬ್ರಿಟಿಷ್ ರೈಲ್ವೇಸ್, ನಷ್ಟದಲ್ಲಿ ನಡೆಯುತ್ತಿದ್ದ ಶಾಖಾಮಾರ್ಗಗಳನ್ನು ಉಳಿಸಿಕೊಳ್ಳುವ ಆಸೆಯಿಂದ ಇದೇ ಉಪಾಯವನ್ನು ಬೃಹತ್ ಪ್ರಮಾಣದಲ್ಲಿ ಅವಲಂಬಿಸಿತು. ಡರ್ಬಿಯ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದಿಂದ ನಿರ್ಮಿತವಾದ ಹಗುರವಾದ ಗಾಡಿಗಳು 1954ರ ಜೂನಿನಲ್ಲಿ ಯಾರ್ಕ್‌ಷೈರಿನ ಪಶ್ಚಿಮ ಭಾಗದಲ್ಲಿ ಓಡತೊಡಗಿದುವು. ಮುಂದಿನ ವರ್ಷ ಪ್ರಕಟವಾದ ಆಧುನಿಕೀಕರಣ ಯೋಜನೆಯ ಫಲವಾಗಿ ಕೆಲವೇ ವರ್ಷಗಳಲ್ಲಿ ಸುಮಾರು 4000 ವಾಹನಗಳು ಸರಕಾರಿ ಕಾರ್ಖಾನೆಗಳಿಂದಲೂ ಖಾಸಗಿ ತಯಾರಕರಿಂದಲೂ ಹೊರಬಿದ್ದುವು. ನೆಲಗಟ್ಟಿನ ಕೆಳಗೆ ಬಸ್ಸಿನ ಜಾತಿಯ ಎಂಜಿನ್, ಎರಡು ತುದಿಗಳಲ್ಲಿಯೂ ಚಾಲಕನ ಸ್ಥಾನ, ನಡುವೆಲ್ಲ ಪ್ರಯಾಣಿಕರಿಗೆ ಮೀಸಲು: ಇದು ಅವುಗಳ ಸಾಮಾನ್ಯ ರಚನೆ. ಗಾಡಿಯನ್ನು ತಿರುಗಿಸುವ ಶ್ರಮವಿಲ್ಲ. ಕೊನೆಯ ನಿಲ್ದಾಣವನ್ನು ಮುಟ್ಟಿದ ಚಾಲಕನು ಮತ್ತೊಂದು ತುದಿಗೆ ನಡೆದುಹೋದರೆ ಗಾಡಿ ಹಿಂದಿರುಗಲು ಸಿದ್ಧ.

ಆದರೂ ಅನೇಕ ಶಾಖೆಗಳಿಗೆ ಈ ಚಿಕಿತ್ಸೆ ಫಲಿಸಲಿಲ್ಲ. ಕಾರ್ಲೈಲಿನಿಂದ ಸಮುದ್ರತೀರದ ಸಿಲೋತ್‌ಗೆ ಹೋಗುತ್ತಿದ್ದ ಮಾರ್ಗವು ಡೀಸೆಲ್ ಗಾಡಿಗಳನ್ನು ಅತಿ ಮೊದಲು ಸ್ವೀಕರಿಸಿದವುಗಳಲ್ಲಿ ಒಂದಾಗಿದ್ದರೂ, ನಷ್ಟದ ಮಾರ್ಗಗಳನ್ನು ಮುಚ್ಚಬೇಕೆಂದು ಸೂಚಿಸಿದ ಬೀಚಿಂಗ್ ವರದಿ ಹೊರಬಿದ್ದ ಮರುವರ್ಷ, 1964ರಲ್ಲಿ, ಮುಚ್ಚಿಹೋಯಿತು.

ಆ ಕಾಲದ ರೈಲುಪ್ರೇಮಿಗಳು ಈ ಗಾಡಿಗಳನ್ನು ನೋಡಿದ ದೃಷ್ಟಿ ಸಂಶೋಧಕನಿಗೆ ಬಹಳ ತೊಡಕನ್ನು ಉಂಟುಮಾಡಿದೆ. ಉಗಿ ಎಂಜಿನ್ ದಿನೇ ದಿನೇ ಕ್ಷೀಣಿಸುತ್ತಿದ್ದ ಕಾಲದಲ್ಲಿ, ಬೆಲೆಯುಳ್ಳ ಫಿಲ್ಮನ್ನು ಡೀಸೆಲ್ ಗಾಡಿಗಾಗಿ ವ್ಯಯಮಾಡಲು ಛಾಯಾಗ್ರಾಹಕರಿಗೆ ಮನಸ್ಸಾಗುತ್ತಿರಲಿಲ್ಲ. 1968ರ ಆಗಸ್ಟಿನಲ್ಲಿ ಪ್ರಧಾನ ಮಾರ್ಗಗಳ ಉಗಿಯುಗ ಅಂತ್ಯಗೊಂಡಾಗ ಹಲವರು ಕ್ಯಾಮೆರಾವನ್ನೇ ಮುಚ್ಚಿಟ್ಟರು. ಅವರ ದುಃಖ ನಿಜವಾದದ್ದು. ಆದರೆ ಅದರ ಪರಿಣಾಮವಾಗಿ, ಪ್ರತಿದಿನವೂ ಅಸಂಖ್ಯಾತ ಜನರನ್ನು ಕೆಲಸಕ್ಕೂ ಶಾಲೆಗೂ ಸಂತೆಗೂ ಹೊತ್ತೊಯ್ದ ವಾಹನಗಳ ಆರಂಭದ ವರ್ಷಗಳಿಗೆ ಚಿತ್ರಸಾಕ್ಷ್ಯವು ವಿರಳವಾಯಿತು. ಸರ್ವಸಾಮಾನ್ಯವಾದದ್ದನ್ನು ಯಾರೂ ದಾಖಲಿಸದೆ ಹೋಗುವುದು ಇತಿಹಾಸದಲ್ಲಿ ಹೊಸತಲ್ಲವಷ್ಟೆ.

ಇನ್ನು ಕಿರುಮಾದರಿಗಳ ವಿಚಾರ. ಬ್ರಿಟನ್ನಿನಲ್ಲಿ ಅತ್ಯಂತ ಪ್ರಚಾರದಲ್ಲಿರುವ ‘ಓಓ’ ಅಳತೆಯ ಹುಟ್ಟಿನಲ್ಲಿಯೇ ಒಂದು ಅಸಂಗತಿಯಿದೆ. ಯೂರೋಪಿನ ಇತರ ದೇಶಗಳಲ್ಲಿ ಒಂದು ಅಡಿಗೆ 3.5 ಮಿಲಿಮೀಟರಿನ ಪ್ರಮಾಣದಲ್ಲಿ ಮಾದರಿಯನ್ನು ಮಾಡಿ 16.5 ಮಿಲಿಮೀಟರು ಅಂತರದ ಹಳಿಗಳ ಮೇಲೆ ಓಡಿಸುತ್ತಿದ್ದರು. ಬ್ರಿಟನ್ನಿನ ಎಂಜಿನುಗಳಾದರೋ ಮೈಯಲ್ಲಿ ಚಿಕ್ಕವು. ಅಂದಿನ ವಿದ್ಯುತ್ ಮೋಟಾರುಗಳು ಅವುಗಳ ಹೊಟ್ಟೆಯೊಳಗೆ ಹಿಡಿಸುತ್ತಿರಲಿಲ್ಲ. ಆದಕಾರಣ ಹಳಿಯ ಅಂತರವನ್ನು ಹಾಗೆಯೇ ಉಳಿಸಿಕೊಂಡು ಮೈಯನ್ನು ಮಾತ್ರ ಅಡಿಗೆ 4 ಮಿಲಿಮೀಟರಿಗೆ ಹಿಗ್ಗಿಸಿದರು. ಈ ಪ್ರಮಾಣಕ್ಕೆ ಹಳಿಗಳ ನಡುವೆ ಇರಬೇಕಾದ ಅಂತರ 18.83 ಮಿಲಿಮೀಟರು, ಆ ಕೊರತೆಯನ್ನು ಸಹಿಸಲಾರದೆ ಸ್ವತಃ ಹಳಿಗಳನ್ನು ಕಟ್ಟಿಕೊಳ್ಳುವ ನಿಷ್ಠಾವಂತರು ಇಂದಿಗೂ ಇದ್ದಾರೆ. ಮೋಟಾರನ್ನು ಅಡಗಿಸುವ ಕಷ್ಟದಿಂದಲೇ ಒಂದು ದೇಶದ ಹವ್ಯಾಸದ ಅಳತೆಗೋಲು ನಿರ್ಧಾರವಾಯಿತೆಂಬುದು ಗಮನಾರ್ಹವಾದ ಸಂಗತಿ.

ಡೀಸೆಲ್ ಗಾಡಿಯಲ್ಲಿ ಇದೇ ಕಷ್ಟವು ಇಮ್ಮಡಿಯಾಯಿತು. ಉಗಿ ಎಂಜಿನಿಗೆ ದಪ್ಪನೆಯ ಬಾಯ್ಲರಿದೆ; ಮೋಟಾರು ಅದರೊಳಗೆ ಕುಳಿತರೆ ಕಣ್ಣಿಗೆ ಬೀಳದು. ಡೀಸೆಲ್ ಪ್ರಯಾಣಿಕ ಗಾಡಿಗೆ ಎರಡು ಪಕ್ಕಗಳಲ್ಲಿಯೂ ಉದ್ದಕ್ಕೆ ಕಿಟಕಿಗಳು. ಪ್ರಯಾಣಿಕನು ಕುಳಿತಿರಬೇಕಾದ ಸ್ಥಳದಲ್ಲಿ ತಾಮ್ರದ ಸುರುಳಿಯೂ ಹಲ್ಲುಚಕ್ರವೂ ಕಂಡರೆ ಭ್ರಮೆ ಅಲ್ಲಿಗೇ ಮುರಿದುಬೀಳುವುದು. ಮಾರ್ಗೇಟಿನ ಟ್ರೈ-ಆಂಗ್ ಕಾರ್ಖಾನೆಯು ಮೆಟ್ರೋ-ಕ್ಯಾಮೆಲ್ ಎಂಬ ಖಾಸಗಿ ತಯಾರಕರು ನಿರ್ಮಿಸಿದ ಗಾಡಿಯ ಮಾದರಿಯನ್ನು ಮಕ್ಕಳ ಆಟಿಕೆಯಾಗಿ ಮಾರಾಟಕ್ಕೆ ತಂದಾಗ, ಮೋಟಾರನ್ನು ಹೊತ್ತ ಚಕ್ರಗಳ ಚೌಕಟ್ಟು ಡಬ್ಬಿಯೊಳಕ್ಕೆ ಎದ್ದುನಿಂತಿತ್ತು. ಅನಂತರದ ದಶಕಗಳಲ್ಲಿ ಇಟಲಿಯ ಲಿಮಾ ಸಂಸ್ಥೆಯು ಗ್ರೇಟ್ ವೆಸ್ಟರ್ನ್ ರೈಲುಕಾರನ್ನೂ ಇನ್ನೂ ಕೆಲವು ಡೀಸೆಲ್ ಗಾಡಿಗಳನ್ನೂ ತಯಾರಿಸಿ ಬಹುಜನರ ಕೈಗೆಟುಕುವಂತೆ ಮಾಡಿತು. ಬಣ್ಣ ಹಚ್ಚುವುದರಲ್ಲಿ ಅದು ಮುಂದಾಗಿದ್ದರೂ ಒಳಗಿನ ಅಡಚಣೆ ಮಾತ್ರ ಹಾಗೆಯೇ ಉಳಿಯಿತು. ನಿಜವಾದ ಗಾಡಿಯ ಶಿಲ್ಪಿಗಳು ಯಂತ್ರವನ್ನು ಜನರ ಕಾಲಕೆಳಗೆ ಇಳಿಸಿ ಅರ್ಧ ಶತಮಾನ ಸಂದ ಮೇಲೆ, ಈ ಶತಮಾನದಲ್ಲಿ ಬಾಕ್‌ಮನ್ ಮೊದಲಾದ ಮಾದರಿ ತಯಾರಕರು ತೆಳುವಾದ ಮೋಟಾರನ್ನು ಕಿಟಕಿಯ ಅಂಚಿನಿಂದ ಕೆಳಕ್ಕೆ ಇಳಿಸಿ, ಮೇಲೆ ಆಸನಗಳ ಸಾಲನ್ನು ಪೂರ್ಣವಾಗಿ ತೋರಿಸಲು ಶಕ್ತರಾದರು. ಹವ್ಯಾಸಿಗಳು ಈ ಮಾದರಿಗಳತ್ತ ಹೊರಳಿದುದರಲ್ಲಿ ಈ ಸಿದ್ಧಿಗೆ ದೊಡ್ಡ ಪಾಲು ಸಲ್ಲುತ್ತದೆ.

ಗಾಜಿನ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳುವುದು ಯುಕ್ತ. ಈ ಗಾಡಿಗಳಲ್ಲಿ ಚಾಲಕನ ಹಿಂದಿನ ಗೋಡೆಯೂ ಬಹುಮಟ್ಟಿಗೆ ಗಾಜಿನದೇ. ಮೊದಲ ಸಾಲಿನಲ್ಲಿ ಸ್ಥಳ ದೊರೆತ ಬಾಲಕನಿಗೆ ಚಾಲಕನ ಕೈಚಳಕವೂ, ಎದುರಿಗೆ ಬಿಚ್ಚಿಕೊಳ್ಳುತ್ತಿದ್ದ ಹಳಿಗಳೂ, ಸಿಗ್ನಲ್ಲುಗಳೂ, ಸುರಂಗದ ಬಾಯಿಯೂ ಕಾಣುತ್ತಿದ್ದುವು. ಉಗಿಗಾಡಿಯಲ್ಲಿ ರಾಜನಿಗೂ ಆ ಭಾಗ್ಯವಿರಲಿಲ್ಲ. ಆ ಬಾಲಕರು ಪ್ರೌಢರಾಗಿ ಹವ್ಯಾಸಕ್ಕೆ ಇಳಿದಾಗ ಆರಿಸಿಕೊಂಡುದು ತಾವು ಕಂಡ ಗಾಡಿಯನ್ನೇ ಹೊರತು ಹಿರಿಯರು ಕೊಂಡಾಡಿದ ಉಗಿ ಎಂಜಿನನ್ನಲ್ಲ. ಇಕ್ಕಟ್ಟಾದ ಮನೆಯಲ್ಲಿ ಕಿರುಮಾರ್ಗವನ್ನು ಹೂಡುವವನಿಗೆ ಈ ಗಾಡಿಯಿಂದ ಮತ್ತೊಂದು ಉಪಕಾರವೂ ಉಂಟು: ಎಂಜಿನನ್ನು ಸುತ್ತಿಸಿ ತರುವ ಹೆಚ್ಚಿನ ಹಳಿಯಾಗಲಿ ತಿರುಗುಕಟ್ಟೆಯಾಗಲಿ ಬೇಕಿಲ್ಲ, ಗೋಡೆಯ ಹಲಗೆಯೊಂದರ ಮೇಲೆ ಒಂದು ಶಾಖೆಯ ಕೊನೆಯ ನಿಲ್ದಾಣವನ್ನು ಕಟ್ಟಬಹುದು.

ಗಂಭೀರನಾದ ಮಾದರಿಕಾರನು ಕೈಗೊಳ್ಳುವ ಶೋಧವು ಶಾಸನ ಸಂಶೋಧಕನ ಶೋಧಕ್ಕೆ ಹತ್ತಿರವಾದದ್ದು. ಅವನು ಮೊದಲು ನಿರ್ಣಯಿಸಬೇಕಾದದ್ದು ವರ್ಷವನ್ನು. ಹಸುರು ಮೈಯ ಮೂತಿಯ ಮೇಲೆ ಮೀಸೆಯಂತೆ ಬಳಿದ ಕೆನೆಬಣ್ಣದ ರೇಖೆಗಳಿದ್ದರೆ ಅದು 1950ರ ದಶಕದ ಕಡೆಯ ಕಾಲ. ಎಚ್ಚರಿಕೆಯ ಹಳದಿ ಫಲಕ ಬಂದಿದ್ದರೆ 1960ರ ದಶಕದ ಆರಂಭ. ಮೈಯೆಲ್ಲ ನೀಲಿಯಾಗಿದ್ದರೆ ಆ ದಶಕದ ಉತ್ತರಾರ್ಧ ಅಥವಾ ಅನಂತರದ್ದು. ಒಂದೇ ಗಾಡಿಯಲ್ಲಿ ಒಂದು ಡಬ್ಬಿ ಹಸುರು, ಇನ್ನೊಂದು ನೀಲಿಯಾಗಿ ಓಡಿದ ಪ್ರಸಂಗಗಳೂ ಉಂಟು. ಅವುಗಳಿಗೆ ಚಿತ್ರಾಧಾರ ದೊರೆತಾಗ ಮಾದರಿಕಾರರ ಹರ್ಷ ಹೇಳತೀರದು.

ಆಕಾರದ ಹಿಂದೆಯೂ ಇತಿಹಾಸವಿದೆಯೆಂಬುದಕ್ಕೆ ಇಂಗ್ಲೆಂಡಿನ ಆಗ್ನೇಯ ತೀರದ ಹೇಸ್ಟಿಂಗ್ಸ್ ಮಾರ್ಗದ ಗಾಡಿಗಳು ಉತ್ತಮ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಆ ಮಾರ್ಗದ ಸುರಂಗಗಳನ್ನು ಕಟ್ಟಿದ ಗುತ್ತಿಗೆದಾರರು ಇಟ್ಟಿಗೆಯ ಸುತ್ತುಗಳಲ್ಲಿ ಕಳ್ಳತನ ಮಾಡಿದ್ದರು. ಮೋಸವು ಬಯಲಾದಮೇಲೆ ಒಳಗಡೆಯಿಂದ ಮತ್ತಷ್ಟು ಇಟ್ಟಿಗೆಯನ್ನು ಕಟ್ಟಿ ಬಲಪಡಿಸಬೇಕಾಗಿ ಬಂದು ಸುರಂಗಗಳೇ ಕಿರಿದಾದುವು. ಅದಕ್ಕಾಗಿ ನೂರು ವರ್ಷಗಳ ತರುವಾಯ, 1957ರಲ್ಲಿ, ಅಲ್ಲಿಗೆ ಬಂದ ಡೀಸೆಲ್-ವಿದ್ಯುತ್ ಗಾಡಿಗಳನ್ನು ಪಕ್ಕ ಚಪ್ಪಟೆಯಾಗಿ, ಮೈ ಕಿರಿದಾಗಿ ನಿರ್ಮಿಸಬೇಕಾಯಿತು. 1986ರಲ್ಲಿ ಮಾರ್ಗಕ್ಕೆ ವಿದ್ಯುತ್ತು ಬರುವವರೆಗೆ ಅವೇ ಓಡಿದುವು. ಮಾದರಿಯ ಅಗಲವನ್ನು ಕೆಲವು ಮಿಲಿಮೀಟರು ತಗ್ಗಿಸುವ ಹವ್ಯಾಸಿಯು, ಆ ಹಳೆಯ ವಂಚನೆಯ ಫಲವನ್ನೂ ಅಳೆದು ತೋರಿಸುತ್ತಾನೆ.

ಅಳೆಯಲು ಮೂಲವಾಹನವೇ ಉಳಿದಿದ್ದರೆ ಕೆಲಸ ಸುಲಭ. ಆದರೆ ಬಹುಸಂಖ್ಯೆಯ ಗಾಡಿಗಳ ಗೋಡೆಯೊಳಗೆ ತುಂಬಿದ್ದ ಕಲ್ನಾರು ಆರೋಗ್ಯಕ್ಕೆ ಹಾನಿಕರವೆಂದು ತಿಳಿದುಬಂದಮೇಲೆ ಅವು ಗುಜರಿಯ ದಾರಿ ಹಿಡಿದುವು. ಡರ್ಬಿಯ ಹಗುರ ಗಾಡಿಗಳ ಪೈಕಿ ‘ಐರಿಸ್’ ಎಂಬ ಒಂಟಿ ಡಬ್ಬಿಯ ವಾಹನವು ಉಳಿದುಕೊಂಡುದು, ಅದನ್ನು ರೇಡಿಯೊ ಪರೀಕ್ಷೆಯ ಕಾರ್ಯಕ್ಕೆ ವರ್ಗಾಯಿಸಿದ್ದರಿಂದ. ಮೆಟ್ರೋ-ಕ್ಯಾಮೆಲ್ ಗಾಡಿಗಳು ಮಾತ್ರ 2003ರವರೆಗೂ, ಒಂಟಿ ಡಬ್ಬಿಯ ‘ಬಬಲ್ ಕಾರ್’ ಏಲ್ಸ್‌ಬರಿಯ ಶಾಖೆಯಲ್ಲಿ 2017ರವರೆಗೂ ಸೇವೆ ಸಲ್ಲಿಸಿದುವು. ಸಂರಕ್ಷಿತವಾದ ಗಾಡಿಗಳಿಂದ ಎಂಜಿನಿನ ಗುಡುಗನ್ನೂ ಗೇರು ಬದಲಾಗುವ ಸದ್ದನ್ನೂ ಧ್ವನಿಮುದ್ರಿಸಿಕೊಂಡು, ಮಾದರಿಯೊಳಗಿನ ಪುಟ್ಟ ಸ್ಪೀಕರಿನಿಂದ ಹೊರಡಿಸುವ ಪದ್ಧತಿಯೂ ಈಗ ಬೆಳೆದಿದೆ.

ಯಾವ ಅವಶೇಷವೂ ಇಲ್ಲದೆ ಹೋದುದು ‘ಬ್ಲೂ ಪುಲ್‌ಮನ್’. 1960ರ ಜುಲೈ 4ರಂದು ಮ್ಯಾಂಚೆಸ್ಟರ್ ಸೆಂಟ್ರಲಿನಿಂದ ಲಂಡನ್ನಿನ ಸೇಂಟ್ ಪ್ಯಾಂಕ್ರಾಸಿಗೆ ಹೊರಟ ಈ ನೀಲಿಬಿಳಿಯ ವೈಭವದ ಗಾಡಿ ಆರು ಡಬ್ಬಿಗಳದು; ರೈಲ್ವೆಯ ಪಶ್ಚಿಮ ವಿಭಾಗದಲ್ಲಿ ಓಡಿದವು ಎಂಟು ಡಬ್ಬಿಗಳವು. 1973ರಲ್ಲಿ ಎಲ್ಲವನ್ನೂ ಸೇವೆಯಿಂದ ತೆಗೆದರು. ಅನಂತರ ಎಲ್ಲವೂ ಗುಜರಿಯಾದುವು. ಒಂದನ್ನಾದರೂ ಉಳಿಸಬೇಕೆಂದು ಯಾರಿಗೂ ತೋಚದೆ ಹೋದುದು ಆ ಕಾಲದ ಅನಾದರದ ಪರಮಾವಧಿಯೆಂದೇ ನಾನು ಭಾವಿಸುತ್ತೇನೆ. ಟ್ರೈ-ಆಂಗ್ ಸಂಸ್ಥೆಯು ಅದರ ಆಟಿಕೆಯನ್ನು ಮಕ್ಕಳಿಗೆ ಕೊಟ್ಟಿದ್ದಿತು. ಆರು ಡಬ್ಬಿಗಳ ಯಥಾಪ್ರಮಾಣದ ಮಾದರಿಯನ್ನು ಬಾಕ್‌ಮನ್ ಬಹುಕಾಲದ ಮೇಲೆ ಹೊರತಂದಿತು. ಮೂಲವಿಲ್ಲದ ಇಂತಹ ಗಾಡಿಯ ಒಳಾಂಗಣಕ್ಕೆ ನಕ್ಷೆಗಳೂ ಛಾಯಾಚಿತ್ರಗಳೂ, ಜೇಮ್ಸ್ ರಿಚಿ 1960ರಲ್ಲಿ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಫಿಲ್ಮ್ಸ್‌ಗಾಗಿ ನಿರ್ದೇಶಿಸಿದ ವರ್ಣ ಚಲನಚಿತ್ರವೂ ಆಧಾರಗಳು. ಇತ್ತೀಚೆಗೆ ಖಾಸಗಿ ಸಂಸ್ಥೆಯೊಂದು 1970ರ ದಶಕದ ವೇಗದೂತ ಡೀಸೆಲ್ ಗಾಡಿಯೊಂದಕ್ಕೆ ಅದೇ, ‘ನಾನ್ಕಿಂಗ್’ ಎಂದು ಹೆಸರಾದ, ನೀಲಿಯನ್ನು ಬಳಿದು, ‘ಮಿಡ್‌ಲ್ಯಾಂಡ್ ಪುಲ್‌ಮನ್’ ಎಂಬ ಹೆಸರಿನಿಂದ ವಿಹಾರಯಾತ್ರೆಗೆ ಓಡಿಸುತ್ತಿದೆ. ಆ ನೀಲಿಯನ್ನು ಹಳಿಯ ಮೇಲೆ ಕಾಣಬಯಸುವವರಿಗೆ ಅದು ಸಾಕಾದೀತು. 1960ರ ಆ ಗಾಡಿಯ ಮೂತಿ ಹೇಗಿತ್ತು, ಆಸನಗಳ ಸಾಲು ಹೇಗಿತ್ತು ಎಂಬುದನ್ನು ಸುತ್ತಲೂ ತಿರುಗಿ ನೋಡಬೇಕೆಂದಿರುವವರು ಮಾತ್ರ ಮಾದರಿಕಾರನ ಮೇಜಿಗೇ ಹೋಗಬೇಕು.