ಆಟದ ಪೆಟ್ಟಿಗೆಗಳ ಪೈಪೋಟಿ: ಜೋಗೇಶ್ವರಿಯಿಂದ ಕಂಡಂತೆ

ಮುಂಬಯಿಯ ಪಶ್ಚಿಮ ರೈಲುಮಾರ್ಗದಲ್ಲಿ ಅಂಧೇರಿ ದಾಟಿದೊಡನೆ ಜೋಗೇಶ್ವರಿ. ನಮ್ಮ ತಲೆಮಾರಿನವರಿಗೆ ಈ ಊರಿನ ಚರಿತ್ರೆಯೆಂದರೆ ಗುಹಾದೇವಾಲಯ, ಚಾಳುಗಳು, ಕರಾವಳಿಯಿಂದ ಬಂದವರ ಹೋಟೆಲುಗಳು. ಇಲ್ಲಿ ಬೆಳೆದ ನಮ್ಮ ಮಕ್ಕಳನ್ನು ಕೇಳಿದರೆ ಇನ್ನೊಂದು ಚರಿತ್ರೆ ತೆರೆದುಕೊಳ್ಳುತ್ತದೆ. ಅದು ಗಂಟೆಗಿಷ್ಟು ಎಂದು ಹಣ ತೆತ್ತು ಆಡುತ್ತಿದ್ದ ವಿಡಿಯೋ ಗೇಮ್ ಪಾರ್ಲರುಗಳದು. ಅದನ್ನು ನಾವು ಯಾರೂ ಬರೆದಿಡಲಿಲ್ಲ.

ಆ ಪಾರ್ಲರುಗಳ ಕಥೆ ದೂರದ ಒಂದು ಸ್ಪರ್ಧೆಗೆ ತಳಕು ಹಾಕಿಕೊಂಡಿದೆ. 1998ರ ನವೆಂಬರಿನಲ್ಲಿ ಜಪಾನಿನ ಸೆಗಾ ಸಂಸ್ಥೆ ಡ್ರೀಮ್‌ಕಾಸ್ಟ್ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ದೂರವಾಣಿ ತಂತಿಗೆ ಜೋಡಿಸಬಲ್ಲ ಮೋಡೆಮ್ ಪೆಟ್ಟಿಗೆಯ ಜೊತೆಗೇ ಇತ್ತು. 2000ರಲ್ಲಿ ಬಂದ ಸೋನಿಯ ಪ್ಲೇಸ್ಟೇಷನ್ 2ರಲ್ಲಿ ಮೋಡೆಮ್ ಇರಲಿಲ್ಲ. ಆದರೆ ಅದು ಡಿವಿಡಿ ಸಿನಿಮಾ ತೋರಿಸುತ್ತಿತ್ತು. ಜನ ಸಿನಿಮಾ ತೋರಿಸುವ ಪೆಟ್ಟಿಗೆಯನ್ನೇ ಮೆಚ್ಚಿದರು. 2001ರ ಜನವರಿಯಲ್ಲಿ ಸೆಗಾ ಸೋಲೊಪ್ಪಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಡ್ರೀಮ್‌ಕಾಸ್ಟ್ ಮಾರಾಟವಾದದ್ದು ಸುಮಾರು 90 ಲಕ್ಷ. ಪ್ಲೇಸ್ಟೇಷನ್ 2 ಕೊನೆಗೆ 15 ಕೋಟಿಯನ್ನೂ ದಾಟಿತು.

ಸೆಗಾ ಬಿಟ್ಟ ಜಾಗಕ್ಕೆ ಮೈಕ್ರೋಸಾಫ್ಟ್ ಬಂತು. 2001ರ ನವೆಂಬರಿನ ಎಕ್ಸ್‌ಬಾಕ್ಸ್‌ನಲ್ಲಿ ಮೋಡೆಮ್ ಬದಲು ಬ್ರಾಡ್‌ಬ್ಯಾಂಡ್ ತಂತಿ ಸಿಕ್ಕಿಸುವ ಕಿಂಡಿಯಿತ್ತು. ವರ್ಷದ ಬಳಿಕ ವಾರ್ಷಿಕ 50 ಡಾಲರ್ ಚಂದಾದ ಎಕ್ಸ್‌ಬಾಕ್ಸ್ ಲೈವ್ ಆರಂಭವಾಯಿತು. ಸೋನಿ ಜಾಲಕ್ಕೆ ಜೋಡಿಸುವ ಉಪಕರಣವನ್ನು ಬೇರೆಯಾಗಿ ಮಾರಿತು. ಒಬ್ಬರದು ಚಂದಾ ಕಟ್ಟಿ ಒಳಬರುವ ಒಂದೇ ಪ್ರಾಂಗಣ. ಇನ್ನೊಬ್ಬರದು ಪ್ರತಿ ಆಟದ ಪ್ರಕಾಶಕರೂ ತಮ್ಮ ತಮ್ಮ ಚಪ್ಪರ ಹಾಕಿಕೊಂಡ ಸಂತೆ.

ಈ ಪೈಪೋಟಿ ಜೋಗೇಶ್ವರಿಯನ್ನು ಮುಟ್ಟಿದ್ದು ಹೇಗೆ? ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. 2004ರ ಸರಕಾರಿ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. ಸಾಗರದಡಿಯ ಕೇಬಲುಗಳು ನಮ್ಮ ನೆರೆಯ ವರ್ಸೋವಾದಲ್ಲೇ ದಡ ಸೇರುತ್ತವೆ. ಆದರೆ ದಡದಿಂದ ಚಾಳಿನ ಕೋಣೆಯವರೆಗಿನ ಕೆಲವೇ ಮೈಲಿ ಕಷ್ಟದ ಹಾದಿಯಾಗಿತ್ತು. ಗಲ್ಲಿಯ ಕೇಬಲಿನವನು ಒಂದೇ ಸಂಪರ್ಕವನ್ನು ಹತ್ತಾರು ಮನೆಗಳಿಗೆ ಹಂಚುತ್ತಿದ್ದ. ಹಾಗೆ ಒಂದೇ ವಿಳಾಸದ ಹಿಂದೆ ಅಡಗಿದ ಪೆಟ್ಟಿಗೆಗಳನ್ನು ಹೊರಗಿನ ಆಟಗಾರ ನೇರವಾಗಿ ತಲುಪುವುದು ದುಸ್ತರ. 2008ರ ಜನವರಿಯಲ್ಲಿ ಈಜಿಪ್ಟಿನ ಕಡಲಲ್ಲಿ ಕೇಬಲುಗಳು ತುಂಡಾದಾಗ ಇಲ್ಲಿಯ ಜಾಲವೂ ತೆವಳಿತು.

ಆದ್ದರಿಂದ ನಮ್ಮ ಪಾರ್ಲರುಗಳಲ್ಲಿ ಪ್ಲೇಸ್ಟೇಷನ್ 2 ಜಾಲವಿಲ್ಲದೆಯೇ ಆಳಿತು. ಎದುರಾಳಿ ಬೇಕಿದ್ದರೆ ಪಕ್ಕದಲ್ಲಿ ಕುಳಿತವನ ಕೈಗೆ ಎರಡನೆಯ ಕಂಟ್ರೋಲರ್ ಕೊಡಬೇಕಿತ್ತು. ಈ ಮಾತಿಗೆ ಜೋಗೇಶ್ವರಿಯಲ್ಲಿ ವಿಶೇಷ ತೂಕವಿದೆ. 1993ರ ಜನವರಿಯ ಗಲಭೆಯಲ್ಲಿ ರಾಧಾಬಾಯಿ ಚಾಳಿಗೆ ಬೆಂಕಿ ಬಿದ್ದ ಮೇಲೆ ಪೂರ್ವಭಾಗದ ಗಲ್ಲಿಗಳ ನಡುವೆ ಕಾಣದ ಗಡಿಗಳು ಮೂಡಿದ್ದವು. ದೊಡ್ಡವರು ದಾಟಲು ಹಿಂಜರಿಯುತ್ತಿದ್ದ ಆ ಗಡಿಗಳನ್ನು ಶಾಲೆ ಬಿಟ್ಟ ಹುಡುಗರು ಅರ್ಧ ಗಂಟೆಯ ಆಟಕ್ಕಾಗಿ ದಾಟುತ್ತಿದ್ದುದನ್ನು ನಾವು ಕಂಡಿದ್ದೇವೆ. ಮನೆಯಲ್ಲಿ ತುಳು, ಕನ್ನಡ, ಮರಾಠಿ, ಉರ್ದು ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಹಿಂದಿಯಲ್ಲಿ ಜಗಳವಾಡುತ್ತಿದ್ದರು. ಅದು ಸಾಮರಸ್ಯವೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಒಟ್ಟಿಗೆ ಕುಳಿತದ್ದಂತೂ ನಿಜ.

2006ರಲ್ಲಿ ಎಕ್ಸ್‌ಬಾಕ್ಸ್ 360, ಮರುವರ್ಷ ಪ್ಲೇಸ್ಟೇಷನ್ 3 ಭಾರತಕ್ಕೆ ಬಂದವು. ಮೊದಲನೆಯದರಲ್ಲಿ ಜಾಲದ ಆಟಕ್ಕೆ ಚಂದಾ, ಎರಡನೆಯದರಲ್ಲಿ ಉಚಿತ. ತಿಂಗಳ ಕೊನೆಗೆ ಲೆಕ್ಕ ಹಾಕುವ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಉಚಿತವಾದದ್ದು ಶಾಶ್ವತವಾಗಲಿಲ್ಲ. 2011ರ ಏಪ್ರಿಲಿನಲ್ಲಿ ಸೋನಿಯ ಜಾಲಕ್ಕೆ ಕನ್ನ ಬಿದ್ದು, 7.7 ಕೋಟಿ ಖಾತೆಗಳ ಮಾಹಿತಿ ಅಪಾಯಕ್ಕೀಡಾಗಿ, ಸೇವೆ ಮೂರು ವಾರಗಳಿಗೂ ಹೆಚ್ಚು ಕಾಲ ಮುಚ್ಚಿತ್ತು. 2013ರ ಪ್ಲೇಸ್ಟೇಷನ್ 4ರಲ್ಲಿ ಜಾಲದ ಆಟಗಳಿಗೆ ಸೋನಿಯೂ ಚಂದಾ ಕೇಳತೊಡಗಿತು. 2016ರಲ್ಲಿ ಜಿಯೋ ಬಂದ ಮೇಲಂತೂ ಆಟ ಅಂಗೈಯ ಫೋನಿಗೇ ಇಳಿಯಿತು. ಪಾರ್ಲರಿನ ಬೆಂಚುಗಳು ಖಾಲಿಯಾದವು. ಈಗ ಎದುರಾಳಿ ಸಿಂಗಾಪುರದಲ್ಲೂ ಇರಬಹುದು, ಪಕ್ಕದ ಗಲ್ಲಿಯಲ್ಲೂ ಇರಬಹುದು. ಅವನ ಮುಖ ಮಾತ್ರ ಕಾಣದು.

2010ರ ಏಪ್ರಿಲ್ 15ರಂದು ಮೈಕ್ರೋಸಾಫ್ಟ್ ಹಳೆಯ ಎಕ್ಸ್‌ಬಾಕ್ಸ್‌ನ ಜಾಲಸೇವೆಯನ್ನು ನಿಲ್ಲಿಸಿತು. ಆಗಲೇ ಹಾಲೋ 2 ಆಟದೊಳಗಿದ್ದ ಕೆಲವರು ಯಂತ್ರ ಆರಿಸದೆ ಆಡುತ್ತಲೇ ಉಳಿದರು. ಒಬ್ಬೊಬ್ಬರಾಗಿ ಸಂಪರ್ಕ ಕಡಿದು, ಕೊನೆಯವನು ಹೊರಬಿದ್ದದ್ದು ಮೇ ತಿಂಗಳಲ್ಲಿ. ಮುಚ್ಚಿದ ಸ್ಥಳವನ್ನು ಬಿಟ್ಟುಹೋಗಲು ಒಲ್ಲದ ಆ ಹಟ ಪರಸ್ಥಳದಲ್ಲಿ ಬದುಕಿದ ನಮಗೆ ಅಪರಿಚಿತವಲ್ಲ.

ಯಾವ ಪೆಟ್ಟಿಗೆ ಎಷ್ಟು ಮಾರಾಟವಾಯಿತೆಂಬ ಲೆಕ್ಕವನ್ನು ಸಂಸ್ಥೆಗಳು ಇಟ್ಟಿವೆ. ಯಾವ ಬೆಂಚಿನಲ್ಲಿ ಯಾರ ಪಕ್ಕ ಯಾರು ಕುಳಿತಿದ್ದರೆಂಬ ಲೆಕ್ಕ ಇರುವುದು ನಮ್ಮ ಮಕ್ಕಳ ನೆನಪಿನಲ್ಲಿ ಮಾತ್ರ. ಅವರನ್ನು ಕೇಳಿ ಬರೆದಿಡುವ ಕೆಲಸ ನಮ್ಮದು.