ನ್ಯಾಯಮೂರ್ತಿ ಬದ್ರುದ್ದೀನ್ ತಯ್ಯಬ್‌ಜಿ: ನ್ಯಾಯಪೀಠ ಮತ್ತು ಶಾಲೆ



“ನಮ್ಮಂಥವರಿಗೆ ಕಾನೂನು ಓದು ಎಲ್ಲಿ ಸಾಧ್ಯ ಸರ್?” ಎಂದು ನಿಮ್ಮಲ್ಲಿ ಕೆಲವರು ಕೇಳುವುದುಂಟು. ಉತ್ತರವಾಗಿ ಒಬ್ಬ ನ್ಯಾಯಮೂರ್ತಿಯ ಬದುಕನ್ನು ನಿಮ್ಮ ಮುಂದಿಡುತ್ತೇನೆ.

ಬದ್ರುದ್ದೀನ್ ತಯ್ಯಬ್‌ಜಿ ಅವರು 1844ರ ಅಕ್ಟೋಬರ್ 10ರಂದು ಮುಂಬಯಿಯ ವ್ಯಾಪಾರಿ ಮನೆತನದಲ್ಲಿ ಹುಟ್ಟಿದರು. ಇಂಗ್ಲಿಷ್ ವಿದ್ಯೆಯನ್ನು ಅನೇಕರು ಸಂಶಯದಿಂದ ನೋಡುತ್ತಿದ್ದ ಕಾಲದಲ್ಲಿ, 1860ರಲ್ಲಿ, ತಂದೆ ಮಗನನ್ನು ಇಂಗ್ಲೆಂಡಿಗೆ ಕಳುಹಿಸಿದರು. ಕಣ್ಣಿನ ತೊಂದರೆಯಿಂದ ಓದನ್ನು ನಡುವೆ ನಿಲ್ಲಿಸಿ ಊರಿಗೆ ಮರಳಬೇಕಾಯಿತು. ಆದರೂ ಕೈಬಿಡದೆ ಮತ್ತೆ ಹೋಗಿ 1867ರಲ್ಲಿ ಬ್ಯಾರಿಸ್ಟರ್ ಆದರು. ಮುಂಬಯಿ ಹೈಕೋರ್ಟಿನ ಮೊದಲ ಭಾರತೀಯ ಬ್ಯಾರಿಸ್ಟರ್ ಅವರೇ. 1887ರಲ್ಲಿ ಮದ್ರಾಸಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದರು.

1895ರಲ್ಲಿ ಅವರು ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿ ನೇಮಕಗೊಂಡು, ಹನ್ನೊಂದು ವರ್ಷ, ಅಂದರೆ ಕೊನೆಯುಸಿರಿನವರೆಗೂ ಆ ಪೀಠದಲ್ಲಿದ್ದರು. 1902ರಲ್ಲಿ ಹಂಗಾಮಿ ಮುಖ್ಯ ನ್ಯಾಯಾಧೀಶರೂ ಆದರು. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಇದೇ ಹೈಕೋರ್ಟಿನ ವ್ಯಾಪ್ತಿಯಲ್ಲಿದ್ದವು ಎಂಬುದನ್ನು ನೆನಪಿಡಿ.

1897ರಲ್ಲಿ ‘ಕೇಸರಿ’ ಪತ್ರಿಕೆಯ ಬರಹಗಳಿಗಾಗಿ ಬಾಲ ಗಂಗಾಧರ ತಿಲಕರ ಮೇಲೆ ರಾಜದ್ರೋಹದ ಆರೋಪ ಬಂತು. ಸರ್ಕಾರ ಕೆರಳಿತ್ತು, ಜಾಮೀನು ಅರ್ಜಿಗಳು ತಿರಸ್ಕೃತವಾಗಿದ್ದವು. ಕೊನೆಗೆ ಅರ್ಜಿ ತಯ್ಯಬ್‌ಜಿ ಅವರ ಮುಂದೆ ಬಂತು. ಅವರು ಜಾಮೀನು ನೀಡಿದರು. ಆರೋಪಿಯು ವಿಚಾರಣೆಗೆ ತಪ್ಪದೆ ಹಾಜರಾಗಬೇಕು, ತನ್ನ ವಾದವನ್ನು ಸಿದ್ಧಪಡಿಸಿಕೊಳ್ಳಲು ಅವನಿಗೂ ಅವಕಾಶವಿರಬೇಕು ಎಂಬುದೇ ಅದರ ಹಿಂದಿನ ತತ್ತ್ವ. ಮುಂದೆ ಬೇರೆ ನ್ಯಾಯಾಧೀಶರ ಮುಂದೆ ತಿಲಕರಿಗೆ ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಅಂದು ತಿಲಕರ ಪರ ಜಾಮೀನು ಕೇಳಿದ್ದ ವಕೀಲ ದಾವರ್ ಅವರು 1908ರಲ್ಲಿ ತಾವೇ ನ್ಯಾಯಾಧೀಶರಾಗಿ ಅದೇ ತಿಲಕರಿಗೆ ಜಾಮೀನು ನಿರಾಕರಿಸಿದರು! ಆಳುವವರ ಮುಖ ನೋಡದೆ ಕಾನೂನನ್ನು ನೋಡುವುದು ಎಷ್ಟು ಕಷ್ಟ ಎಂಬುದು ಇದರಿಂದ ತಿಳಿಯುತ್ತದೆ.

ತೀರ್ಪಿಗೆ ಮುನ್ನ ಮನುಷ್ಯನಿಗೆ ಅವಕಾಶ ಕೊಡಬೇಕು. ಶಾಲೆ ಕಟ್ಟಿದಾಗಲೂ ತಯ್ಯಬ್‌ಜಿ ಅವರು ಮಾಡಿದ್ದು ಇದನ್ನೇ. ‘ಮುಸ್ಲಿಮರು ಹಿಂದುಳಿದವರು’ ಎಂದು ಸುಲಭವಾಗಿ ತೀರ್ಪು ಕೊಡುತ್ತಿದ್ದ ಕಾಲದಲ್ಲಿ, 1874ರಲ್ಲಿ, ಸಂಗಡಿಗರೊಂದಿಗೆ ಅಂಜುಮನ್-ಎ-ಇಸ್ಲಾಂ ಸ್ಥಾಪಿಸಿದರು. 1880ರಲ್ಲಿ ಅದರ ಶಾಲೆ ಆರಂಭವಾಯಿತು. ಮುಂಬಯಿಯ ಛತ್ರಪತಿ ಶಿವಾಜಿ ರೈಲು ನಿಲ್ದಾಣದ ಎದುರಿನ ಅದರ ಕಟ್ಟಡದಲ್ಲಿ ಇಂದಿಗೂ ಮಕ್ಕಳು ಓದುತ್ತಿದ್ದಾರೆ. ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಅವರು ಬರೀ ಭಾಷಣ ಮಾಡಲಿಲ್ಲ, ತಮ್ಮ ಹೆಣ್ಣುಮಕ್ಕಳನ್ನೇ ಶಾಲೆಗೆ ಕಳುಹಿಸಿದರು.

ಕಾಂಗ್ರೆಸ್ಸಿನ ವಿಷಯದಲ್ಲಿ ಅವರಿಗೂ ಸರ್ ಸಯ್ಯದ್ ಅಹ್ಮದ್ ಖಾನರಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು. ಆದರೆ ಸರ್ ಸಯ್ಯದರು ಹುಟ್ಟುಹಾಕಿದ ಮೊಹಮ್ಮಡನ್ ಶಿಕ್ಷಣ ಸಮ್ಮೇಳನ 1903ರಲ್ಲಿ ಮುಂಬಯಿಯಲ್ಲಿ ನಡೆದಾಗ ಅಧ್ಯಕ್ಷತೆ ವಹಿಸಿದವರು ಇದೇ ತಯ್ಯಬ್‌ಜಿ. ಇಲ್ಮಿನ ವಿಷಯದಲ್ಲಿ ಅವರು ಪಕ್ಷ ನೋಡಲಿಲ್ಲ.

1906ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಅವರು ನಿಧನರಾದರು.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ: ಕಲಿಕೆಯಲ್ಲಿ ಹಿಂದೆ ಬಿದ್ದ ಮಗುವನ್ನು ‘ಇವನಿಂದಾಗದು’ ಎಂದು ಗ್ಯಾರೇಜಿಗೋ ಅಂಗಡಿಗೋ ಕಳುಹಿಸುವ ಮುನ್ನ ಇನ್ನೊಂದು ಅವಕಾಶ ಕೊಡಿ. ವಿದ್ಯಾರ್ಥಿಗಳೇ, ನಿಮ್ಮ ಬಗ್ಗೆ ನೀವೇ ಅವಸರದ ತೀರ್ಪು ಬರೆದುಕೊಳ್ಳಬೇಡಿ. ಕಣ್ಣು ನೋವಿನಿಂದ ಓದು ನಿಂತಿದ್ದ ಹುಡುಗನೇ ಮುಂದೆ ಹೈಕೋರ್ಟಿನ ಪೀಠದಲ್ಲಿ ಕುಳಿತ. ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ, ನಮಗೆ ಅವರ ಧೈರ್ಯ ನೀಡಲಿ. ಆಮೀನ್.