ಬಲೂನಿನಿಂದ ಚಿಮಣಿಯವರೆಗೆ: ಅನಿಲ ಸೋಸುವ ಪೊರೆಯ ಕತೆ

ಉರೂಸಿನಲ್ಲೋ ಜಾತ್ರೆಯಲ್ಲೋ ಮಕ್ಕಳಿಗೆ ಕೊಡಿಸಿದ ರಬ್ಬರಿನ ಗ್ಯಾಸ್ ಬಲೂನು ಮರುದಿನ ಬೆಳಗಾಗುವಷ್ಟರಲ್ಲಿ ಸುಕ್ಕುಗಟ್ಟಿ ನೆಲಕ್ಕಿಳಿದಿರುವುದನ್ನು ನೀವು ನೋಡಿರುತ್ತೀರಿ. ಗಂಟು ಬಿಗಿಯಾಗಿಯೇ ಇರುತ್ತದೆ. ಎಲ್ಲೂ ತೂತು ಕಾಣುವುದಿಲ್ಲ. ಹಾಗಾದರೆ ಒಳಗಿದ್ದ ಅನಿಲ ಎಲ್ಲಿಗೆ ಹೋಯಿತು? ಮಕ್ಕಳು ಕೇಳಿದಾಗ ನಾವು ಏನೋ ಒಂದು ಹೇಳಿ ಸುಮ್ಮನಾಗಿಸುತ್ತೇವೆ. ಆದರೆ ಅಮೆರಿಕದ ಫಿಲಡೆಲ್ಫಿಯ ನಗರದ ವೈದ್ಯ ಜಾನ್ ಕಿಯರ್ಸ್ಲಿ ಮಿಚೆಲ್ ಸುಮ್ಮನಾಗಲಿಲ್ಲ. 1830ರ ಹೊತ್ತಿಗೆ ಅವರು ಜಲಜನಕ ತುಂಬಿದ ರಬ್ಬರ್ ಬಲೂನುಗಳು ಛಾವಣಿಗೇರಿ, ಸ್ವಲ್ಪ ಕಾಲದ ನಂತರ ತಾವಾಗಿಯೇ ಕೆಳಗಿಳಿಯುವುದನ್ನು ಕಂಡರು. ಒಂದೊಂದು ಅನಿಲವನ್ನೂ ರಬ್ಬರ್ ಹಾಳೆಯ ಮೂಲಕ ಹಾಯಿಸಿ, ಯಾವುದು ಎಷ್ಟು ಬೇಗ ದಾಟುತ್ತದೆಂದು ಅಳೆದರು. ಅನಿಲಗಳಲ್ಲೆಲ್ಲ ಹಗುರವಾದ ಜಲಜನಕಕ್ಕಿಂತ ಭಾರವಾದ ಇಂಗಾಲದ ಡೈ ಆಕ್ಸೈಡ್ ಹೆಚ್ಚು ಬೇಗ ದಾಟುತ್ತಿತ್ತು! ತೂತಿನಿಂದ ಸೋರುವುದಾದರೆ ಹಗುರವಾದದ್ದೇ ಮೊದಲು ಹೋಗಬೇಕಿತ್ತಲ್ಲವೇ?

ಈ ಒಗಟನ್ನು ಬಿಡಿಸಿದವರು ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1855ರಲ್ಲಿ ಬ್ರಿಟನ್ನಿನ ಟಂಕಸಾಲೆಯ ಮುಖ್ಯಸ್ಥರಾದರು. ನಾಣ್ಯ ಅಚ್ಚು ಹಾಕಿಸುವ ಕೆಲಸದ ನಡುವೆಯೂ ಪ್ರಯೋಗ ಬಿಡಲಿಲ್ಲ. 1866ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಿರುಳು ಇಷ್ಟು: ಅನಿಲವು ರಬ್ಬರಿನ ತೂತುಗಳಿಂದ ನುಸುಳುವುದಿಲ್ಲ. ಸಕ್ಕರೆ ನೀರಿನಲ್ಲಿ ಕರಗುವಂತೆ ಅದು ಮೊದಲು ರಬ್ಬರಿನಲ್ಲಿ ಕರಗುತ್ತದೆ, ಒಳಗೊಳಗೇ ಹರಡಿಕೊಂಡು ಸಾಗುತ್ತದೆ, ಆಚೆ ಬದಿಯಲ್ಲಿ ಹೊರಬೀಳುತ್ತದೆ. ಹೆಚ್ಚು ಕರಗುವ ಅನಿಲ ಹೆಚ್ಚು ದಾಟುತ್ತದೆ. ಅವರ ಲೆಕ್ಕದಲ್ಲಿ ಸಾರಜನಕ ಒಂದು ಪಾಲು ದಾಟುವ ಹೊತ್ತಿಗೆ ಇಂಗಾಲದ ಡೈ ಆಕ್ಸೈಡ್ ಸುಮಾರು 13.5 ಪಾಲು ದಾಟುತ್ತಿತ್ತು.

ವಿದ್ಯಾರ್ಥಿ ಮಿತ್ರರೇ, ಇದನ್ನು ನೀವೇ ಮಾಡಿ ನೋಡಬಹುದು. ಒಂದು ಬಾಟಲಿಯಲ್ಲಿ ವಿನಿಗರ್, ಅದರ ಬಾಯಿಗೆ ಅಡಿಗೆ ಸೋಡಾ ಹಾಕಿದ ಬಲೂನು. ಸೋಡಾವನ್ನು ಒಳಗೆ ಸುರಿದರೆ ಇಂಗಾಲದ ಡೈ ಆಕ್ಸೈಡ್ ಎದ್ದು ಬಲೂನು ಉಬ್ಬುತ್ತದೆ. ಅಷ್ಟೇ ಗಾತ್ರದ ಇನ್ನೊಂದು ಬಲೂನಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ. ಎರಡರ ಸುತ್ತಳತೆಯನ್ನೂ ದಾರದಿಂದ ಅಳೆದು ಬರೆದಿಡಿ. ಮರುದಿನ ಮತ್ತೆ ಅಳೆಯಿರಿ.

ಗ್ರಹಾಂ ಕೈಯಲ್ಲಿದ್ದ ಆ ಅಂಕಿ ಇಂದು ಜಗತ್ತಿಗೆ ಅತ್ಯಗತ್ಯವಾಗಿ ಬೇಕಾದದ್ದು. ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಬಹುಪಾಲು ಸಾರಜನಕ. ನೂರಕ್ಕೆ 12ರಿಂದ 15 ಪಾಲು ಮಾತ್ರ ಇಂಗಾಲದ ಡೈ ಆಕ್ಸೈಡ್. ಭೂಮಿಯನ್ನು ಬಿಸಿಯಾಗಿಸುತ್ತಿರುವ ಈ ಅನಿಲವನ್ನು ಸಾರಜನಕದಿಂದ ಬೇರೆ ಮಾಡಿ ಹಿಡಿದರೆ ನೆಲದಾಳದಲ್ಲಿ ಹೂಳಬಹುದು. ಬೇರೆ ಮಾಡುವ ಪೊರೆ 1866ರಲ್ಲೇ ಸಿಕ್ಕಿತ್ತಲ್ಲ, ಮತ್ತೇಕೆ ಇಷ್ಟು ತಡ?

ಮೊದಲ ತೊಡಕು ದಪ್ಪ. ಪೊರೆ ದಪ್ಪವಾದಷ್ಟೂ ಅನಿಲ ನಿಧಾನವಾಗಿ ದಾಟುತ್ತದೆ. ತೆಳುವಾದರೆ ಹರಿದುಹೋಗುತ್ತದೆ. ಸುಮಾರು ನೂರು ವರ್ಷ ವಿಷಯ ಅಲ್ಲೇ ನಿಂತಿತು. ದಾರಿ ತೆರೆದವರು ಅನಿಲದ ಯೋಚನೆಯನ್ನೇ ಮಾಡಿದವರಲ್ಲ. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಸಮುದ್ರದ ನೀರಿನಿಂದ ಉಪ್ಪು ತೆಗೆಯಲು ಹೆಣಗುತ್ತಿದ್ದರು. ಸೆಲ್ಯುಲೋಸ್ ಅಸಿಟೇಟ್ ಎಂಬ ಪಾಲಿಮರಿನ ಹಾಳೆಯನ್ನು ಬಿಸಿನೀರಿನಲ್ಲಿಟ್ಟು ಪರೀಕ್ಷಿಸುವಾಗ ಒಂದು ವಿಚಿತ್ರ ಕಂಡಿತು. ಹಾಳೆಯ ಒಂದು ಬದಿ ಉಪ್ಪುನೀರಿನ ಕಡೆಗಿದ್ದರೆ ಕೆಲಸ ನಡೆಯುತ್ತದೆ, ಮಗುಚಿ ಹಾಕಿದರೆ ಇಲ್ಲ. ನೋಡಲು ಎರಡೂ ಬದಿ ಒಂದೇ. ಬೇರೆಯವರಾಗಿದ್ದರೆ ಪ್ರಯೋಗ ಕೆಟ್ಟಿತೆಂದು ಹಾಳೆಯನ್ನು ಎಸೆದುಬಿಡುತ್ತಿದ್ದರೇನೋ. ಇವರು ಅದರಿಂದ ತಿಳಿದುಕೊಂಡದ್ದೇ ಬೇರೆ: ಹಾಳೆಯ ಒಂದು ಮೈಯಲ್ಲಿ ಮಾತ್ರ ಅತಿ ತೆಳುವಾದ ಗಟ್ಟಿ ಚರ್ಮವಿದೆ, ಉಳಿದದ್ದೆಲ್ಲ ಸ್ಪಂಜಿನಂಥ ಆಸರೆ. ಸೋಸುವುದು ಚರ್ಮ, ಒತ್ತಡ ಹೊರುವುದು ಸ್ಪಂಜು. ಆ ಚರ್ಮವನ್ನು ಬೇಕೆಂದೇ ಬೆಳೆಸುವ ವಿಧಾನವನ್ನು ಅವರು ರೂಪಿಸಿದರು. 1965ರಲ್ಲಿ ಕ್ಯಾಲಿಫೋರ್ನಿಯದ ಕೋಲಿಂಗ ಪಟ್ಟಣ ಇಂಥ ಪೊರೆಯಿಂದ ಸೋಸಿದ ನೀರು ಕುಡಿಯಿತು. ಇಂದು ನಮ್ಮ ಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕದೊಳಗಿನ ಆರ್.ಒ. ಸುರುಳಿ ಅದೇ ವಂಶದ್ದು.

ನೀರಿನ ಪೊರೆಯನ್ನು ಅನಿಲಕ್ಕೆ ಒಗ್ಗಿಸುವುದು ಸುಲಭವಿರಲಿಲ್ಲ. ಕಣ್ಣಿಗೆ ಕಾಣದ ನಾಲ್ಕು ಸೂಜಿತೂತುಗಳಿದ್ದರೂ ಸಾಕು, ಅನಿಲವೆಲ್ಲ ಬೇರ್ಪಡದೆ ಅಲ್ಲಿಂದಲೇ ಹರಿದುಹೋಗುತ್ತದೆ. ಅಮೆರಿಕದ ಮೊನ್ಸಾಂಟೊ ಕಂಪನಿಯ ಹೆನಿಸ್ ಮತ್ತು ಟ್ರಿಪೋಡಿ ಎಂಬ ವಿಜ್ಞಾನಿಗಳು ಸೋರುವ ಮನೆಯ ತಾರಸಿಗೆ ನಾವು ಮಾಡುವುದನ್ನೇ ಮಾಡಿದರು. ಪಾಲಿಸಲ್ಫೋನ್ ಎಂಬ ಪಾಲಿಮರಿನ ಟೊಳ್ಳು ಎಳೆಗಳ ಮೇಲೆ ಸಿಲಿಕೋನ್ ರಬ್ಬರ್ ಬಳಿದು ತೂತು ಮುಚ್ಚಿದರು. 1980ರಲ್ಲಿ ‘ಪ್ರಿಸಂ’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಅಮೋನಿಯ ಕಾರ್ಖಾನೆಗಳಲ್ಲಿ ವ್ಯರ್ಥವಾಗುತ್ತಿದ್ದ ಜಲಜನಕವನ್ನು ಮರಳಿ ಹಿಡಿಯುವುದು ಅದರ ಕೆಲಸ. ಅದೇ ದಶಕದಲ್ಲಿ ಸೆಲ್ಯುಲೋಸ್ ಅಸಿಟೇಟ್ ಪೊರೆಗಳು ನೈಸರ್ಗಿಕ ಅನಿಲದಿಂದ ಇಂಗಾಲದ ಡೈ ಆಕ್ಸೈಡ್ ತೆಗೆಯತೊಡಗಿದವು.

ಇಲ್ಲಿ ಸ್ವಲ್ಪ ನಿಲ್ಲೋಣ. ಪೊರೆ ತಾನಾಗಿ ಏನನ್ನೂ ಎಳೆದುಕೊಳ್ಳುವುದಿಲ್ಲ. ಅನಿಲ ದಾಟಬೇಕಾದರೆ ಈ ಕಡೆ ಅದರ ಒತ್ತಡ ಹೆಚ್ಚಿರಬೇಕು, ಆ ಕಡೆ ಕಡಿಮೆ ಇರಬೇಕು. ನೈಸರ್ಗಿಕ ಅನಿಲ ಬಾವಿಯಿಂದ ಬರುವಾಗಲೇ ಭಾರೀ ಒತ್ತಡದಲ್ಲಿರುತ್ತದೆ. ದೂಡುವ ಶಕ್ತಿ ಅಲ್ಲಿ ಪುಕ್ಕಟೆ. ಚಿಮಣಿಯ ಹೊಗೆಗೆ ಆ ಭಾಗ್ಯವಿಲ್ಲ. ಕೃಷ್ಣೆಯ ದಂಡೆಯಲ್ಲಿ 1985ರಿಂದ ಉರಿಯುತ್ತಿರುವ ರಾಯಚೂರಿನ ಶಕ್ತಿನಗರದ್ದಾಗಲಿ, ಬಳ್ಳಾರಿಯ ಕುಡುತಿನಿಯದ್ದಾಗಲಿ, ಉಡುಪಿ ಜಿಲ್ಲೆಯ ಎಲ್ಲೂರಿನದ್ದಾಗಲಿ, ಹೊಗೆಯ ಒತ್ತಡ ನಾವು ಉಸಿರಾಡುವ ಗಾಳಿಯಷ್ಟೇ. ಹೊಗೆಯನ್ನೆಲ್ಲ ಒತ್ತಿ ದೂಡೋಣವೆಂದರೆ ಬೇಡದ ಸಾರಜನಕವನ್ನೂ ಒತ್ತಬೇಕು. 600 ಮೆಗಾವಾಟ್ ಸ್ಥಾವರವೊಂದು ಸೆಕೆಂಡಿಗೆ ಸುಮಾರು 500 ಘನ ಮೀಟರ್ ಹೊಗೆ ಬಿಡುತ್ತದೆ. ಅದನ್ನು ಒತ್ತುವುದಕ್ಕೇ ತಯಾರಿಸಿದ ವಿದ್ಯುತ್ತಿನ ದೊಡ್ಡ ಭಾಗ ಹೋಗಿಬಿಡುತ್ತದೆ.

ಇನ್ನೊಂದು ದಾರಿ, ಆಚೆ ಬದಿಯಲ್ಲಿ ಪಂಪು ಹಾಕಿ ಗಾಳಿ ಹೀರುವುದು. ಈ ಲೆಕ್ಕ ನೋಡಿ. ಹೊಗೆಯಲ್ಲಿ ನೂರಕ್ಕೆ 13 ಪಾಲು ಇಂಗಾಲದ ಡೈ ಆಕ್ಸೈಡ್ ಇದೆ. ಆಚೆಯ ಒತ್ತಡವನ್ನು ಐದನೇ ಒಂದಕ್ಕೆ ಇಳಿಸಿದೆವು ಎನ್ನೋಣ. ಆಗ ದಾಟಿ ಬಂದ ಅನಿಲದಲ್ಲಿ ಅದು ಹೆಚ್ಚೆಂದರೆ 13ರ ಐದು ಪಟ್ಟು, ಅಂದರೆ 65 ಪಾಲು ಇರಬಲ್ಲದು. ಸಾರಜನಕದ ಒಂದು ಕಣವನ್ನೂ ಬಿಡದ ಮಾಯಾಪೊರೆ ತಂದರೂ ಅಷ್ಟೇ! ಹಲವು ವರ್ಷ ಪ್ರಯೋಗಶಾಲೆಗಳು ಹೆಚ್ಚು ಹೆಚ್ಚು ಆಯ್ದು ಬಿಡುವ ಪೊರೆಗಾಗಿ ಪೈಪೋಟಿ ನಡೆಸಿದವು. 1991ರಲ್ಲಿ ಲಾಯ್ಡ್ ರೋಬ್ಸನ್ ಎಂಬ ವಿಜ್ಞಾನಿ ಅಂಕಿಅಂಶಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಹಾಕಿ, ಚೆನ್ನಾಗಿ ಆಯ್ದು ಬಿಡುವ ಪೊರೆ ನಿಧಾನ, ವೇಗವಾಗಿ ಬಿಡುವ ಪೊರೆ ಆಯ್ಕೆಯಲ್ಲಿ ಸಡಿಲ ಎಂದು ತೋರಿಸಿಕೊಟ್ಟರು. ಆ ಗೆರೆಯನ್ನು ಮೀರುವುದೇ ಗುರಿಯಾಯಿತು. ನನ್ನ ದೃಷ್ಟಿಯಲ್ಲಿ ಚಿಮಣಿಯ ಪ್ರಶ್ನೆ ಆ ನಕ್ಷೆಯ ಹೊರಗಿತ್ತು. ದೂಡುವ ಖರ್ಚನ್ನು ಯಾರು ಕೊಡಬೇಕು ಎಂಬುದೇ ನಿಜವಾದ ಪ್ರಶ್ನೆ.

ಈ ನಡುವೆ ಪ್ರತಿಸ್ಪರ್ಧಿ ಮುಂದೆ ಸಾಗಿತ್ತು. ಅಮೈನ್ ಎಂಬ ರಾಸಾಯನಿಕದ ದ್ರಾವಣಕ್ಕೆ ಇಂಗಾಲದ ಡೈ ಆಕ್ಸೈಡನ್ನು ಅಂಟಿಸಿ, ಆಮೇಲೆ ಕಾಯಿಸಿ ಬಿಡಿಸುವ ವಿಧಾನಕ್ಕೆ 1930ರಲ್ಲೇ ಪೇಟೆಂಟ್ ಸಿಕ್ಕಿತ್ತು. 2014ರಲ್ಲಿ ಕೆನಡಾದ ಬೌಂಡರಿ ಡ್ಯಾಮ್ ವಿದ್ಯುತ್ ಸ್ಥಾವರ ಅದನ್ನೇ ದೊಡ್ಡ ಪ್ರಮಾಣದಲ್ಲಿ ಅಳವಡಿಸಿತು. ಕಾಯಿಸಲು ಬೇಕಾದ ಹಬೆ ಅದರ ದೊಡ್ಡ ಹೊರೆ. ಆದರೂ ಕೆಲಸ ನಡೆಯುತ್ತದೆ ಎಂಬ ನಂಬಿಕೆ ಇತ್ತು.

ಪೊರೆಯ ಪರವಾಗಿ ಜಾಣ ಉತ್ತರ ಕೊಟ್ಟದ್ದು 1982ರಲ್ಲಿ ರಿಚರ್ಡ್ ಬೇಕರ್ ಕ್ಯಾಲಿಫೋರ್ನಿಯದಲ್ಲಿ ಕಟ್ಟಿದ ‘ಮೆಂಬ್ರೇನ್ ಟೆಕ್ನಾಲಜಿ ಅಂಡ್ ರಿಸರ್ಚ್’ ಎಂಬ ಚಿಕ್ಕ ಕಂಪನಿ. ಅವರ ‘ಪೊಲಾರಿಸ್’ ಪೊರೆ ಹಳೆಯ ಸೆಲ್ಯುಲೋಸ್ ಅಸಿಟೇಟಿಗಿಂತ ಸುಮಾರು ಹತ್ತು ಪಟ್ಟು ವೇಗವಾಗಿ ಇಂಗಾಲದ ಡೈ ಆಕ್ಸೈಡನ್ನು ಬಿಡುತ್ತಿತ್ತು. ಅದಕ್ಕಿಂತ ಹೆಚ್ಚಿನದು 2010ರಲ್ಲಿ ಅವರು ಪ್ರಕಟಿಸಿದ ಉಪಾಯ. ಕಲ್ಲಿದ್ದಲು ಉರಿಸಲು ಬಾಯ್ಲರಿಗೆ ಹೇಗೂ ಗಾಳಿ ಹೋಗಲೇಬೇಕು. ಆ ಗಾಳಿಯನ್ನು ಪೊರೆಯ ಆಚೆ ಬದಿಯಲ್ಲಿ ಹಾಯಿಸಿದರೆ? ಅದರಲ್ಲಿ ಇಂಗಾಲದ ಡೈ ಆಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪಂಪಿಲ್ಲದೆಯೇ ಹೊಗೆಯಿಂದ ಅನಿಲ ಆ ಗಾಳಿಗೆ ದಾಟಿ ಮತ್ತೆ ಬಾಯ್ಲರಿಗೆ ಹೋಗುತ್ತದೆ. ಹೀಗೆ ತಿರುಗಿ ತಿರುಗಿ ಹೊಗೆಯಲ್ಲಿ ಅದರ ಪಾಲು 13ರಿಂದ 18ರ ಆಸುಪಾಸಿಗೆ ಏರುತ್ತದೆ, ಪಂಪಿನ ಹೊರೆ ತಗ್ಗುತ್ತದೆ. ಗಾಳಿಯಲ್ಲಿ ಆಮ್ಲಜನಕ ತುಸು ಕಡಿಮೆಯಾಗುವುದನ್ನು ಬಾಯ್ಲರು ಸಹಿಸಬೇಕು. 2016ರಲ್ಲಿ ಬಾಬ್‌ಕಾಕ್ ಅಂಡ್ ವಿಲ್ಕಾಕ್ಸ್ ಕಂಪನಿಯ ಪ್ರಯೋಗದ ಬಾಯ್ಲರಿನಲ್ಲಿ ಇದನ್ನು ಪರೀಕ್ಷಿಸಲಾಯಿತು. ಆದರೂ ಅಳತೆ ನೋಡಿದರೆ ಎದೆ ಝಲ್ಲೆನ್ನುತ್ತದೆ: 600 ಮೆಗಾವಾಟಿನ ಹೊಗೆಯಿಂದ ನೂರಕ್ಕೆ 90 ಪಾಲು ಹಿಡಿಯಲು ಹತ್ತು ಲಕ್ಷ ಚದರ ಮೀಟರಿಗೂ ಹೆಚ್ಚು ಪೊರೆ ಬೇಕು. ಅಂದರೆ ಸುಮಾರು 250 ಎಕರೆಗೂ ಮೇಲೆ, ಎಲ್ಲವನ್ನೂ ಸುರುಳಿ ಸುತ್ತಿಡಬೇಕು.

ಬೆಳವಣಿಗೆ ನಿಧಾನವಾಗಿತ್ತು. 2010ರಲ್ಲಿ ಅರಿಜೋನದ ಚೋಯ ಸ್ಥಾವರದಲ್ಲಿ ದಿನಕ್ಕೆ ಒಂದು ಟನ್. 2015ರಲ್ಲಿ ಅಲಬಾಮದ ವಿಲ್ಸನ್‌ವಿಲ್‌ನಲ್ಲಿ 20 ಟನ್. ಹೋಲಿಕೆಗೆ ಹೇಳುವುದಾದರೆ, 600 ಮೆಗಾವಾಟಿನ ಸ್ಥಾವರ ದಿನಕ್ಕೆ ಸುಮಾರು 11,000 ಟನ್ ಬಿಡುತ್ತದೆ. ಹಾರುಬೂದಿ, ಗಂಧಕದ ಅನಿಲಗಳು, ತೇವ ಇವೆಲ್ಲವನ್ನೂ ಪೊರೆ ವರ್ಷಗಟ್ಟಲೆ ತಾಳಬೇಕು. ಇದನ್ನು ಪ್ರಯೋಗಶಾಲೆಯ ಸಿಲಿಂಡರ್ ಅನಿಲದಿಂದ ತಿಳಿಯಲಾಗದು.

ನಮ್ಮ ನೆಲದ ಒಂದು ಮಾತನ್ನೂ ಇಲ್ಲಿ ಹೇಳಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರೊ. ತೇಜರಾಜ ಅಮಿನಭಾವಿ ಮತ್ತು ಅವರ ಶಿಷ್ಯರು ಪಾಲಿಮರ್ ಪೊರೆಗಳಿಂದ ಆಲ್ಕೋಹಾಲಿನಲ್ಲಿರುವ ನೀರನ್ನು ಬೇರ್ಪಡಿಸುವ ಬಗ್ಗೆ ದಶಕಗಳ ಕಾಲ ಸಂಶೋಧನೆ ನಡೆಸಿದರು. ಅಲ್ಲಿಯೂ ನಿಯಮ ಗ್ರಹಾಂ ಹೇಳಿದ್ದೇ: ಕರಗು, ಹರಡು, ಹೊರಬೀಳು. ರಸಾಯನ ವಿಜ್ಞಾನ ಓದುತ್ತಿರುವ ನಮ್ಮ ಮಕ್ಕಳು ಈ ವಿಷಯ ಹಿಡಿಯಬೇಕೆಂದಿದ್ದರೆ ಅಮೆರಿಕಕ್ಕೇ ಹೋಗಬೇಕೆಂದಿಲ್ಲ.

ನಾರ್ವೆಯ ಟ್ರೋಂಡೈಮ್ ವಿಶ್ವವಿದ್ಯಾಲಯದ ಮೇ-ಬ್ರಿಟ್ ಹೇಗ್ ಇನ್ನೊಂದು ಹಾದಿ ಹಿಡಿದರು. ಅವರ ಪೊರೆಯೊಳಗೇ ಅಮೈನ್ ಗುಂಪುಗಳಿವೆ. ತೇವವಿದ್ದರೆ ಅವು ಇಂಗಾಲದ ಡೈ ಆಕ್ಸೈಡನ್ನು ಕೈಯಿಂದ ಕೈಗೆ ದಾಟಿಸುತ್ತವೆ, ಸಾರಜನಕಕ್ಕೆ ಕೈ ಚಾಚುವುದಿಲ್ಲ. ಬ್ರೆವಿಕ್ ಎಂಬಲ್ಲಿನ ಸಿಮೆಂಟ್ ಕಾರ್ಖಾನೆಯಲ್ಲಿ ಅದರ ಪರೀಕ್ಷೆ ನಡೆಯಿತು. ಸಿಮೆಂಟ್ ಗೂಡಿನ ಹೊಗೆಯಲ್ಲಿ ಈ ಅನಿಲದ ಪಾಲು ಕಲ್ಲಿದ್ದಲಿನ ಹೊಗೆಗಿಂತ ಹೆಚ್ಚಿರುವುದರಿಂದ ಪೊರೆಗೆ ಅದು ಅನುಕೂಲದ ಜಾಗ. ಆದರೆ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಪೂರ್ಣ ಘಟಕ 2025ರಲ್ಲಿ ಅಲ್ಲಿ ಆರಂಭವಾದಾಗ ಆಯ್ಕೆಯಾದದ್ದು ಪೊರೆಯಲ್ಲ, ಹಳೆಯ ಅಮೈನ್ ದ್ರಾವಣ. ಪೊರೆಯ ಮುಂದಿನ ಪರೀಕ್ಷೆಗೆ ಅಮೆರಿಕದ ವಯೋಮಿಂಗ್‌ನ ಡ್ರೈ ಫೋರ್ಕ್ ಕಲ್ಲಿದ್ದಲು ಸ್ಥಾವರವನ್ನು ಆರಿಸಿಕೊಂಡು, ದಿನಕ್ಕೆ 150 ಟನ್ ಹಿಡಿಯುವ ಗುರಿಯ ಪೊಲಾರಿಸ್ ಘಟಕವನ್ನು ಅಲ್ಲಿ ಕಟ್ಟಲು ಕೈಹಾಕಲಾಯಿತು.